ಕನ್ನಡದ ಕೊಂಡಿ ಏಕಿಷ್ಟು ಉದ್ದ? ಬಳ್ಳಾರಿಯಲ್ಲಿ ಕೇಳಿ ಬಂದೆ

ತಂತ್ರಾಂಶ ಕಟ್ಟಿದವರೇ ಎದುರಿಗೆ ಸಿಗುವುದು ನಮ್ಮ ಕಡೆ ಅಪರೂಪ. ನನ್ನ ಬರಹಗಳಿರುವ ಬ್ಲಾಗ್ ತಂತ್ರಾಂಶದ ಸ್ಥಾಪಕರು ಬಳ್ಳಾರಿಯ ತಂತ್ರಜ್ಞಾನ ಸಮಾವೇಶಕ್ಕೆ ಬರುತ್ತಾರೆಂದು ತಿಳಿದಾಗ, ಕೊಪ್ಪಳದಲ್ಲಿ ರೈಲು ಹತ್ತುವ ಮೊದಲೇ ನಿರ್ಧರಿಸಿದ್ದೆ: ‘ಕನ್ನಡಕ್ಕೆ ಏನು ಮಾಡುತ್ತೀರಿ?’ ಎಂದು ಕೇಳಬಾರದು. ಅದಕ್ಕೆ ಸಿಗುವುದು ಚಪ್ಪಾಳೆ ಗಿಟ್ಟಿಸುವ ಉತ್ತರವಷ್ಟೇ. ಒಂದೇ ಒಂದು ತೊಂದರೆಯನ್ನು ಪುರಾವೆ ಸಮೇತ ಫೋನಿನಲ್ಲಿ ಇಟ್ಟುಕೊಂಡೆ.

ತೊಂದರೆ ಇದು. ‘ಕಿನ್ನಾಳದ ಗೊಂಬೆ’ ಎಂದು ಶೀರ್ಷಿಕೆ ಕೊಟ್ಟರೆ ತಂತ್ರಾಂಶ ಅದರಿಂದಲೇ ಕೊಂಡಿ, ಅಂದರೆ ಲೇಖನದ ವೆಬ್ ವಿಳಾಸ (ಲಿಂಕ್) ಮಾಡುತ್ತದೆ. ಅಕ್ಷರಗಳನ್ನು ಕಂಪ್ಯೂಟರಿನ ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ಕೊಂಡಿಯೊಳಗೆ ಒಂದೊಂದು ಬೈಟೂ ಶೇಕಡಾ ಗುರುತು ಮತ್ತು ಎರಡು ಅಕ್ಷರಗಳಾಗಿ ಬದಲಾಗುತ್ತದೆ. ಗುಣಿತ, ಒತ್ತು, ಸೊನ್ನೆ ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ. ಹೀಗಾಗಿ ಎರಡು ಪದಗಳ ಈ ಶೀರ್ಷಿಕೆಯಲ್ಲಿ 13 ಚಿಹ್ನೆಗಳಿವೆ; ಕೊಂಡಿಯಲ್ಲಿ ಅವು 117 ಅಕ್ಷರಗಳಾಗುತ್ತವೆ. ಈ ತಂತ್ರಾಂಶದಲ್ಲಿ ಕೊಂಡಿಯ ಈ ಭಾಗಕ್ಕೆ 200 ಅಕ್ಷರಗಳ ಮಿತಿ ಇರುವುದರಿಂದ, 22 ಚಿಹ್ನೆ ದಾಟಿದ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಇಂಥ ಕೊಂಡಿಯನ್ನು ಕಂಡವರು ವೈರಸ್ ಎಂದು ಹೆದರಿ ಒತ್ತುವುದೇ ಇಲ್ಲ. ಗೊಂಬೆ ಮಾಡುವವರ ಮನೆಯವರೇ ನನ್ನ ಲೇಖನ ತೆರೆದಿರಲಿಲ್ಲ. ಅದು ನನಗೆ ತುಂಬ ನೋವು ಕೊಟ್ಟಿತ್ತು.

ವೇದಿಕೆಯ ಭಾಷಣ ಎಲ್ಲ ಭಾಷಣಗಳಂತೆ ಇತ್ತು. ಊಟದ ಹೊತ್ತಿನಲ್ಲಿ ಸಾಲಿನಲ್ಲಿ ನಿಂತಿದ್ದ ಸ್ಥಾಪಕರಿಗೆ ಫೋನ್ ತೋರಿಸಿ, “ಸರ್, ಇದು ನಿಮ್ಮದೇ ಕೊಂಡಿ. ನಿಮ್ಮ ತಾಯಿಗೆ ಬಂದರೆ ಅವರು ತೆರೆಯುತ್ತಾರೆಯೇ?” ಎಂದೆ. ಅವರು ತಟ್ಟೆ ಕೆಳಗಿಟ್ಟು ನೋಡಿದರು. ಬ್ರೌಸರಿನಲ್ಲಿ ಕನ್ನಡವಾಗಿಯೇ ಕಾಣುವ ವಿಳಾಸ, ನಕಲು ಮಾಡಿ ಅಂಟಿಸಿದ ಕೂಡಲೇ ಶೇಕಡಾ ಗುರುತುಗಳ ಸಾಲಾಗುವುದನ್ನು ಅವರ ಕೈಯಿಂದಲೇ ಮಾಡಿಸಿದೆ. ವಿವರಣೆಗಿಂತ ಅದೇ ಹೆಚ್ಚು ಕೆಲಸ ಮಾಡಿತು. “ವಿಳಾಸದ ನಿಯಮ ಬದಲಿಸಲು ನನ್ನಿಂದಾಗದು. ಆದರೆ ಶೀರ್ಷಿಕೆಯಿಂದಲೇ ಕೊಂಡಿ ಮಾಡಬೇಕೆಂಬ ನಿಯಮ ನಮ್ಮದು, ಅದನ್ನು ಬಿಡಬಹುದು” ಎಂದರು. ಲೇಖನಕ್ಕೊಂದು ಸಂಖ್ಯೆ ಕೊಟ್ಟು ಅದನ್ನೇ ಕೊಂಡಿಯಾಗಿಸುವುದು, ಕನ್ನಡ ಶೀರ್ಷಿಕೆಯನ್ನು ಕೊಂಡಿಯ ಜೊತೆ ಬರುವ ಮುನ್ನೋಟದಲ್ಲಿ ತೋರಿಸುವುದು ಎಂದು ಅಲ್ಲೇ ಮಾತಾಯಿತು.

ನಿಜವಾದ ಲಾಭ ಆಮೇಲಿನದು. ನಮ್ಮ ಮಾತು ಕೇಳಿಸಿಕೊಂಡ ಇತರ ಬ್ಲಾಗಿಗರು ಸುತ್ತ ಸೇರಿದರು. ಮಸ್ಕಿಯ ಅಶೋಕನ ಶಾಸನದ ಬಗ್ಗೆ ಬರೆಯುವ ರಾಯಚೂರಿನ ಮೇಷ್ಟ್ರೊಬ್ಬರ ಬಳಿ ಹಳೆಯ ಫಾಂಟಿನಲ್ಲಿ ಟೈಪು ಮಾಡಿದ ಲೇಖನಗಳ ರಾಶಿಯೇ ಇತ್ತು. ಅವನ್ನು ಯುನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿದಾಗ ಅರ್ಕಾವತ್ತು ಅಡ್ಡಾದಿಡ್ಡಿಯಾಗುತ್ತಿತ್ತು. ಹಳೆಯ ಫಾಂಟು ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಜಾಗದಲ್ಲಿ, ಅಂದರೆ ಅಕ್ಷರದ ನಂತರ ಇಡುತ್ತದೆ. ಯುನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಿಸಿದ ಮೇಲೆ ‘ಧರ್ಮ’, ‘ಸೂರ್ಯ’, ‘ಕಾರ್ಯ’ ಎಂದು ಹುಡುಕಿ ನೋಡಿ, ಸಿಗದಿದ್ದರೆ ಕಡತ ಕೆಟ್ಟಿದೆ ಎಂದೆ. ಅಲ್ಲೇ ನೋಡಿದೆವು. ‘ಧರ್ಮ’ ಸಿಗಲಿಲ್ಲ! ಧರ್ಮದ ಶಾಸನಗಳ ಬಗ್ಗೆ ಅಷ್ಟೊಂದು ಬರೆದವರ ಕಡತದಲ್ಲಿ ಆ ಪದವೇ ಹುಡುಕಿದರೆ ಸಿಗದೆಂದರೆ, ಓದುಗರಿಗೆ ಆ ಲೇಖನಗಳು ಇಲ್ಲದಂತೆಯೇ. ಸಂಡೂರಿನ ಕಾಡುಗಳ ಬಗ್ಗೆ ಬರೆಯುವ ಹುಡುಗಿಯೊಬ್ಬಳು ಕಡತ ಸರಿಪಡಿಸುವ ಕೆಲಸವನ್ನು ತಾನೇ ವಹಿಸಿಕೊಂಡಳು.

ಸ್ಥಾಪಕರು ಪರೀಕ್ಷೆಗೆಂದು ಕಳುಹಿಸಿದ ಹೊಸ ಆವೃತ್ತಿ ಈಗ ನಮ್ಮೆಲ್ಲರ ಬಳಿ ಇದೆ. ಕೊಂಡಿ ಚಿಕ್ಕದಾಗಿದೆ, ಗೊಂಬೆಯ ಲೇಖನವನ್ನು ಕಿನ್ನಾಳದಲ್ಲಿ ಓದಿದ್ದಾರೆ. ಮುನ್ನೋಟದಲ್ಲಿ ಮಾತ್ರ ಉದ್ದ ಶೀರ್ಷಿಕೆ ಒತ್ತಕ್ಷರದ ನಡುವೆಯೇ ತುಂಡಾಗುತ್ತಿದೆ. ಅದರ ಚಿತ್ರಗಳನ್ನು ಮೇಷ್ಟ್ರು ಒಟ್ಟುಗೂಡಿಸುತ್ತಿದ್ದಾರೆ. ಸ್ಥಾಪಕರಿಗೆ ಮುಂದಿನ ಪತ್ರ ಅದರ ಬಗ್ಗೆ.