ಫ್ರಾನ್ಸ್‌ನ ಹಳ್ಳಿದಾರಿ ಹಿಡಿಯುವುದು ಹೇಗೆ? ಲ ಪುಯಿಯಿಂದ ಕೋಂಕ್‌ವರೆಗೆ ಒಂದು ನಡಿಗೆ

ಫ್ರಾನ್ಸ್‌ನ ಹಳ್ಳಿಗಾಡಿನಲ್ಲಿ ಕಲ್ಲುಗೋಡೆಯ ಮೇಲೋ ಮರದ ಕಾಂಡದ ಮೇಲೋ ಒಂದು ಬಿಳಿ ಪಟ್ಟಿ, ಅದರ ಕೆಳಗೊಂದು ಕೆಂಪು ಪಟ್ಟಿ ಕಂಡರೆ ನೀವು ‘ಜಿಆರ್’ ದಾರಿಯ ಮೇಲಿದ್ದೀರಿ. ದಿನಗಟ್ಟಲೆ, ವಾರಗಟ್ಟಲೆ ನಡೆಯಬಹುದಾದ ದಾರಿಗಳು ಇವು. ಪಟ್ಟಿ ಬಳಿಯುವವರು ಅಲ್ಲಿನ ನಡಿಗೆ ಒಕ್ಕೂಟದ ಸ್ವಯಂಸೇವಕರು. ಮೊದಲ ತುಂಡು 1947ರಲ್ಲಿ ಲ್ವಾರ್ ನದಿಯ ದಡದಲ್ಲಿ, ಓರ್ಲೆಯಾಂ ಊರಿನ ಹತ್ತಿರ ಶುರುವಾಯಿತು. ಇವತ್ತು ದೊಡ್ಡದು ಚಿಕ್ಕದು ಎಲ್ಲ ಸೇರಿ 1,80,000 ಕಿಲೋಮೀಟರ್‌ಗೂ ಜಾಸ್ತಿ ಗುರುತು ಹಾಕಿದ ದಾರಿಗಳಿವೆ.

ಇವು ಹೊಲಗಳ ನಡುವೆಯೇ ಹೋಗುವುದಕ್ಕೆ ಕಾರಣವಿದೆ. ಎಷ್ಟೋ ದಾರಿಗಳು ಹಿಂದೆ ಬಂಡಿ ಓಡಾಡುತ್ತಿದ್ದ, ದನ ಹೊಡೆದುಕೊಂಡು ಹೋಗುತ್ತಿದ್ದ ಹಾದಿಗಳು. ಅವು ಊರಿನ ಸ್ವತ್ತು. ಎರಡನೇ ಮಹಾಯುದ್ಧದ ನಂತರ ಚಿಕ್ಕ ಹೊಲಗಳನ್ನು ಸೇರಿಸಿ ದೊಡ್ಡದು ಮಾಡಿದಾಗ ಇಂಥ ಬಹಳ ಹಾದಿಗಳು ಉಳುಮೆಗೆ ಸಿಕ್ಕಿ ಅಳಿದುಹೋದವು. ಉಳಿದವನ್ನು ಕಾಪಾಡಲು 1983ರಲ್ಲಿ ಕಾನೂನು ಬಂತು. ಪ್ರತಿ ಜಿಲ್ಲೆಯೂ ತನ್ನ ನಡಿಗೆ ದಾರಿಗಳ ಪಟ್ಟಿ ಮಾಡಬೇಕು ಎಂದಾಯಿತು. ಜನ ನಡೆಯುತ್ತಿದ್ದರೆ ಮಾತ್ರ ಇಂಥ ಹಾದಿ ಉಳಿಯುತ್ತದೆ. ಹಾಗಾಗಿ ನಾವು ಅಲ್ಲಿ ಹೇಗೆ ನಡೆಯುತ್ತೇವೆ ಅನ್ನುವುದೂ ಮುಖ್ಯ.

ಮೊದಲು ದಾರಿ ಆರಿಸಿ

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಜಿಆರ್ 65. ಮಧ್ಯ ಫ್ರಾನ್ಸ್‌ನ ಲ ಪುಯಿ-ಆಂ-ವಲೇ ಊರಿನಿಂದ ಹೊರಟು ಸ್ಪೇನ್ ಗಡಿಯ ಪಿರೆನೀಸ್ ಬೆಟ್ಟಗಳವರೆಗೆ ಹೋಗುವ ದಾರಿ ಇದು. ಸ್ಪೇನ್‌ನ ಸಾಂತಿಯಾಗೊ ಊರಿಗೆ ಹೋಗುವ ಹಳೆಯ ಕ್ರೈಸ್ತ ಯಾತ್ರೆಯ ಹಾದಿಯೂ ಹೌದು. ಆ ಯಾತ್ರೆಗೆ ಲ ಪುಯಿಯ ಬಿಷಪ್ ಗೋದೆಸ್ಕಾಲ್ಕ್ 10ನೇ ಶತಮಾನದ ಮಧ್ಯದಲ್ಲೇ ಹೊರಟಿದ್ದ. ಪೂರ್ತಿ ದಾರಿಗೆ ಒಂದು ತಿಂಗಳಿಗೂ ಜಾಸ್ತಿ ಬೇಕು. ಅಷ್ಟು ರಜೆ ಯಾರಿಗಿದೆ? ಲ ಪುಯಿಯಿಂದ ಕೋಂಕ್ ಊರಿನವರೆಗಿನ ಸುಮಾರು 200 ಕಿಲೋಮೀಟರ್ ಸಾಕು. ಹತ್ತು ದಿನ ಇಟ್ಟುಕೊಳ್ಳಿ. ಒಂದೇ ವಾರ ಇದ್ದರೆ ಓಮೊಂ-ಓಬ್ರಾಕ್ ಊರಿನಿಂದ ಶುರು ಮಾಡಿ. ಅಲ್ಲಿ ರೈಲು ನಿಲ್ದಾಣವಿದೆ, ಆದರೆ ರೈಲುಗಳು ತೀರಾ ಕಡಿಮೆ. ವೇಳಾಪಟ್ಟಿ ನೋಡಿಯೇ ಉಳಿದದ್ದನ್ನು ಹೊಂದಿಸಿ.

ಇಷ್ಟು ನಡಿಗೆ ಬೇಡ ಅನ್ನುವವರಿಗೆ ಹಳದಿ ಪಟ್ಟಿಯ ದಾರಿಗಳಿವೆ. ಅರ್ಧ ದಿನದಲ್ಲೋ ಒಂದು ದಿನದಲ್ಲೋ ಮುಗಿಯುತ್ತವೆ. ಹೆಚ್ಚಿನವು ಸುತ್ತಿ ಹೊರಟ ಊರಿಗೇ ತರುತ್ತವೆ.

ಕಾಲ ನೋಡಿಕೊಳ್ಳಿ

ಮೇ, ಜೂನ್ ಅಥವಾ ಸೆಪ್ಟೆಂಬರ್. ದಾರಿಯಲ್ಲಿ ಬರುವ ಓಬ್ರಾಕ್ ಪ್ರಸ್ಥಭೂಮಿ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿಯೇ ಕಾಣುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು, ಜೊತೆಗೆ ಜನ. ಮೇ 25ರ ಆಸುಪಾಸಿನಲ್ಲಿ ಹಸುಗಳ ಕೊಂಬಿಗೆ ಹೂವು, ಬಾವುಟ ಕಟ್ಟಿ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗುವ ಹಬ್ಬ ನಡೆಯುತ್ತದೆ. ನೋಡಲೇಬೇಕಾದ ಹಬ್ಬ. ಆ ವಾರಾಂತ್ಯ ಸುತ್ತಮುತ್ತ ಹಾಸಿಗೆ ಸಿಗುವುದು ಮಾತ್ರ ಕಷ್ಟ.

ವೀಸಾ ಮತ್ತು ವಸತಿ ಒಟ್ಟಿಗೆ

ಫ್ರಾನ್ಸ್‌ಗೆ ಬೇಕಾದ ಷೆಂಗೆನ್ ವೀಸಾಕ್ಕೆ ಹೊರಡುವ 6 ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು, ಆದರೆ ಅಲ್ಲಿಯವರೆಗೆ ಕಾಯಬೇಡಿ. ಬೆಂಗಳೂರಿನ ಅರ್ಜಿ ಕೇಂದ್ರದಲ್ಲೇ ಕೆಲಸ ಆಗುತ್ತದೆ. 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ದಿನ ದಿನ ಬೇರೆ ಊರಿನಲ್ಲಿ ಉಳಿಯುವುದರಿಂದ ವಸತಿಯ ಕಾಗದಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಮೇಲೆ ಒಂದು ಪುಟದ ಪಟ್ಟಿ ಇಡಿ.

ಉಳಿಯಲು ‘ಜೀತ್ ದೆತಾಪ್’ ಎಂಬ ಮನೆಗಳಿವೆ. ನಡೆಯುವವರಿಗೆಂದೇ ಇರುವ ಸರಳ ವಸತಿ. ಒಂದು ಕೋಣೆಯಲ್ಲಿ ನಾಲ್ಕಾರು ಹಾಸಿಗೆ, ಒಟ್ಟಿಗೆ ಊಟ. ‘ದೆಮಿ-ಪಾಂಸಿಯೊಂ’ ಎಂದು ಕೇಳಿದರೆ ಹಾಸಿಗೆ, ರಾತ್ರಿ ಊಟ, ಬೆಳಗಿನ ತಿಂಡಿ ಸೇರಿರುತ್ತದೆ. ಅದನ್ನೇ ತೆಗೆದುಕೊಳ್ಳಿ. ಚಿಕ್ಕ ಊರುಗಳಲ್ಲಿ ಬೇರೆ ಹೋಟೆಲೇ ಇರುವುದಿಲ್ಲ. ಬರಲು ಆಗದಿದ್ದರೆ ಫೋನ್ ಮಾಡಿ ತಿಳಿಸಿ. ನಿಮಗಾಗಿ ಅಡುಗೆ ಮಾಡಿಟ್ಟು ಕಾಯುತ್ತಾರೆ, ಅಲ್ವಾ?

ಸಸ್ಯಾಹಾರಿಗಳಿಗೆ ನಾಲ್ಕು ಮಾತು

ನಮ್ಮವರು ಜಾಸ್ತಿ ಕೇಳುವುದು ಇದನ್ನೇ. ಕಾಯ್ದಿರಿಸುವಾಗಲೇ ಹೇಳಿಬಿಡಿ. ಬರೀ ‘ವೆಜೆತಾರಿಯಾಂ’ ಅಂದರೆ ಕೆಲವು ಕಡೆ ಮೀನು ಬರುತ್ತದೆ. ‘ನಿ ವಿಯಾಂದ್, ನಿ ಪ್ವಾಸೊಂ, ನಿ ಲಾರ್ದೊಂ’ ಅನ್ನಿ. ಮಾಂಸ ಬೇಡ, ಮೀನು ಬೇಡ, ಹಂದಿಮಾಂಸದ ಚೂರೂ ಬೇಡ ಎಂದು. ಆ ಚೂರುಗಳು ಸಲಾಡ್‌ನಲ್ಲೂ ಇರುತ್ತವೆ. ಲ ಪುಯಿಯ ಹಸಿರು ಬೇಳೆ ಹೆಸರುವಾಸಿ. ಹಳೆಯ ಜ್ವಾಲಾಮುಖಿಗಳ ಮಣ್ಣಿನಲ್ಲಿ ಬೆಳೆಯುವ ಈ ಬೇಳೆಗೆ 1996ರಲ್ಲೇ ಮೂಲಸ್ಥಾನದ ಮಾನ್ಯತೆ ಸಿಕ್ಕಿದೆ. ಆದರೆ ಅದನ್ನು ಹಂದಿಮಾಂಸದ ಜೊತೆ ಬೇಯಿಸುವ ರೂಢಿಯಿದೆ, ಕೇಳಿಯೇ ತಿನ್ನಿ.

ಓಬ್ರಾಕ್‌ನಲ್ಲಿ ‘ಅಲಿಗೊ’ ಬಿಡಬೇಡಿ. ಬೇಯಿಸಿದ ಆಲೂಗೆಡ್ಡೆಗೆ ಎಳೆಯ ಚೀಸ್ ಹಾಕಿ, ಮುದ್ದೆ ತಿರುವಿದ ಹಾಗೆ ಮರದ ಸೌಟಿನಲ್ಲಿ ತೋಳು ನೋಯುವಷ್ಟು ತಿರುವುತ್ತಾರೆ. ಎತ್ತಿದರೆ ಉದ್ದಕ್ಕೆ ಎಳೆ ಬರುತ್ತದೆ. ನಡೆದು ದಣಿದ ಸಂಜೆಗೆ ಇದಕ್ಕಿಂತ ಒಳ್ಳೆ ಊಟ ನನಗೆ ಗೊತ್ತಿಲ್ಲ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಲಿ: ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳನ್ನು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಗಟ್ಟಿ ಮಾಡುತ್ತಾರೆ.

ಮಧ್ಯಾಹ್ನಕ್ಕೆ ಬ್ರೆಡ್, ಹಣ್ಣು ಬೆಳಗ್ಗೆಯೇ ಕೊಂಡುಕೊಳ್ಳಿ. ಹಳ್ಳಿಯ ಅಂಗಡಿಗಳು ಊಟದ ಹೊತ್ತಿಗೆ ಬಾಗಿಲು ಹಾಕುತ್ತವೆ. ಭಾನುವಾರ ಮಧ್ಯಾಹ್ನ, ಸೋಮವಾರ ಎಷ್ಟೋ ಕಡೆ ತೆರೆಯುವುದೇ ಇಲ್ಲ.

ಚೀಲ ಹಗುರ, ಶೂ ಹಳೆಯದು

ಚೀಲದ ತೂಕ ನಿಮ್ಮ ತೂಕದ ಹತ್ತರಲ್ಲೊಂದು ಭಾಗ ಮೀರದಿರಲಿ. ಎರಡು ಜೊತೆ ಬಟ್ಟೆ, ಮಳೆಕೋಟು, ಬೆಚ್ಚಗಿನ ಒಂದು ಸ್ವೆಟರ್, ತೆಳು ಬಟ್ಟೆಯ ಮಲಗುವ ಚೀಲ ಸಾಕು. ಕಂಬಳಿ ಸಾಮಾನ್ಯವಾಗಿ ಅವರೇ ಕೊಡುತ್ತಾರೆ. ಹೊಸ ಶೂ ಬೇಡ, ಕಾಲಿಗೆ ಒಗ್ಗಿದ್ದೇ ಬೇಕು. ಬೆನ್ನು ನೋವು ಇರುವವರ ಚೀಲವನ್ನು ಮುಂದಿನ ವಸತಿಗೆ ವ್ಯಾನಿನಲ್ಲಿ ಸಾಗಿಸುವವರೂ ಇದ್ದಾರೆ. ಹಿರಿಯರು ಸಂಕೋಚವಿಲ್ಲದೆ ಬಳಸಲಿ.

ಗುರುತು ಓದಿ ನಡೆಯಿರಿ

ಬಿಳಿ-ಕೆಂಪು ಪಟ್ಟಿ ಕಂಡರೆ ಮುಂದೆ ಹೋಗಿ. ಪಟ್ಟಿಯ ಕೆಳಗೆ ಬಾಗಿದ ಬಾಣ ಇದ್ದರೆ ಆ ಕಡೆ ತಿರುಗಿ. ಎರಡು ಬಣ್ಣ ಅಡ್ಡಾದಿಡ್ಡಿ ಹಾಯ್ದು ಗುಣಿಸು ಚಿಹ್ನೆಯಂತಿದ್ದರೆ ಅದು ನಿಮ್ಮ ದಾರಿಯಲ್ಲ. ಹತ್ತು ನಿಮಿಷ ನಡೆದರೂ ಗುರುತು ಕಾಣದಿದ್ದರೆ ಕೊನೆಯ ಗುರುತಿನವರೆಗೆ ವಾಪಸ್ ಬನ್ನಿ. ಸುಮ್ನೆ ಅಂದಾಜಿನಲ್ಲಿ ಹೊಲಕ್ಕೆ ಇಳಿಯಬೇಡಿ. ಫ್ರಾನ್ಸ್‌ನ ಸರ್ಕಾರಿ ನಕ್ಷೆ ಸಂಸ್ಥೆ ಐಜಿಎನ್‌ನ ನಕ್ಷೆಯಲ್ಲಿ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 250 ಮೀಟರ್. ಅದರಲ್ಲಿ ಒಂಟಿ ಮನೆಗಳೂ ಕಾಣುತ್ತವೆ. ಮೊಬೈಲ್‌ನಲ್ಲಿ ಮೊದಲೇ ಇಳಿಸಿಕೊಳ್ಳಿ. ಬೆಟ್ಟದ ಮೇಲೆ ಸಿಗ್ನಲ್ ನಂಬುವಂತಿಲ್ಲ.

ಮೊದಲ ದಿನ ಲ ಪುಯಿಯಿಂದ ಸ್ಯಾಂ-ಪ್ರಿವಾ-ದಾಲಿಯೇ, ಹತ್ತಿರ ಹತ್ತಿರ 24 ಕಿಲೋಮೀಟರ್. ಮರುದಿನ ಆಲಿಯೇ ನದಿಯ ಕಣಿವೆಗೆ ಕಡಿದಾಗಿ ಇಳಿದು, ಅಷ್ಟೇ ಕಡಿದಾಗಿ ಹತ್ತಿ ಸೋಗ್ ಸೇರುವುದು. ಮಂಡಿಗೆ ಪರೀಕ್ಷೆ ಅಲ್ಲೇ. ಊರುಗೋಲು ಇದ್ದರೆ ಒಳ್ಳೆಯದು. 1764ರಿಂದ 1767ರವರೆಗೆ ಜನರನ್ನು ಕೊಂದ, ತೋಳದಂಥ ‘ಜೆವೊದಾಂ ಮೃಗ’ದ ಕಥೆ ಸೋಗ್ ಸುತ್ತಮುತ್ತಲಿನದೇ.

ಅಲ್ಲಿಂದ ಮುಂದೆ ಗ್ರಾನೈಟ್ ಬಂಡೆ, ಪೈನ್ ಕಾಡು. ಆಮೇಲೆ ಓಬ್ರಾಕ್. ಮರಗಳೇ ಕಡಿಮೆ, ಕಣ್ಣು ಹೋದಷ್ಟು ದೂರ ಹುಲ್ಲು, ಕಲ್ಲುಗೋಡೆ, ಕಣ್ಣಿಗೆ ಕಾಡಿಗೆ ಹಚ್ಚಿದಂತಿರುವ ಕಂದು ಹಸುಗಳು. ಹಿಂದೆ ದನಗಾಹಿಗಳು ಬೇಸಗೆಯಲ್ಲಿ ಚೀಸ್ ಮಾಡುತ್ತಿದ್ದ ಕಲ್ಲಿನ ಮನೆಗಳು ಅಲ್ಲಲ್ಲಿ ನಿಂತಿವೆ. ಇದರಲ್ಲಿ ನಸ್ಬಿನಾಲ್‌ನಿಂದ ಸ್ಯಾಂ-ಶೆಲಿ-ದೋಬ್ರಾಕ್‌ವರೆಗಿನ 17 ಕಿಲೋಮೀಟರ್ 1998ರಿಂದ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕೆಲವರು ಇದನ್ನು ಟ್ಯಾಕ್ಸಿಯಲ್ಲಿ ದಾಟುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ದಿನ ಉಳಿಸಬೇಕಿದ್ದರೆ ಬೇರೆಲ್ಲಾದರೂ ಉಳಿಸಿ.

ಹೊಲದಲ್ಲಿ ನಡವಳಿಕೆ

ದಾಟಿದ ಗೇಟು ಮುಚ್ಚಿ. ಕರೆಂಟಿನ ಬೇಲಿ ಇದ್ದರೆ ಪ್ಲಾಸ್ಟಿಕ್ ಹಿಡಿ ಹಿಡಿದು ಬಿಚ್ಚಿ, ಮತ್ತೆ ಹಾಗೇ ಸಿಕ್ಕಿಸಿ. ಕರು ಜೊತೆಗಿರುವ ಹಸುವಿನ ಹತ್ತಿರ ಫೋಟೊಗೆ ಹೋಗಬೇಡಿ, ದೂರದಿಂದ ಬಳಸಿ ನಡೆಯಿರಿ. ಹುಲ್ಲು ನಿಂತಿರುವ ಗದ್ದೆ ಖಾಲಿ ಜಾಗವಲ್ಲ, ಚಳಿಗಾಲದ ಮೇವು. ಸೆಪ್ಟೆಂಬರ್‌ನಿಂದಲೇ ಬೇಟೆಯ ಕಾಲ. ‘ಶಾಸ್ ಆಂ ಕೂರ್’ (ಬೇಟೆ ನಡೆಯುತ್ತಿದೆ) ಎಂಬ ಫಲಕ ಕಂಡರೆ ಎದ್ದು ಕಾಣುವ ಕಿತ್ತಳೆ ಬಟ್ಟೆ ಹಾಕಿ, ದಾರಿ ಬಿಡಬೇಡಿ. ಸಂಜೆ ಕಾಲು, ಮಂಡಿಯ ಹಿಂಭಾಗದಲ್ಲಿ ಉಣ್ಣೆಹುಳ ಕಚ್ಚಿದೆಯೇ ನೋಡಿಕೊಳ್ಳಿ. ‘ನೊಂ ಪೊತಾಬ್ಲ್’ ಎಂದು ಬರೆದ ನಲ್ಲಿಯ ನೀರು ಕುಡಿಯಬಾರದು. ತುರ್ತು ಸಂಖ್ಯೆ 112. ಎದುರಿಗೆ ರೈತರು ಸಿಕ್ಕರೆ ‘ಬೊಂಜೂರ್’ ಅನ್ನಿ, ಮಿಕ್ಕ ಮಾತೆಲ್ಲ ಆಮೇಲೆ.

ಕೊನೆಯ ಹಂತ

ಓಬ್ರಾಕ್ ಇಳಿದರೆ ಲೋತ್ ನದಿಯ ಕಣಿವೆ. ತಿರುಚಿದ ಗೋಪುರದ ಸ್ಯಾಂ-ಕೋಮ್-ದೋಲ್ಟ್, ಹಳೆಯ ಕೆಂಪು ಕಲ್ಲಿನ ಸೇತುವೆಯ ಎಸ್ಪಾಲಿಯೊಂ, ಕೋಟೆಯ ಎಸ್ತ್ಯಾಂ ಒಂದಾದ ಮೇಲೊಂದು ಬರುತ್ತವೆ. ಇಲ್ಲಿ ದಿನದ ನಡಿಗೆ ಚಿಕ್ಕದು ಮಾಡಿ, ಊರು ನೋಡಲು ಸಮಯ ಇಡಿ. ಕೋಂಕ್‌ಗೆ ಇಳಿಯುವ ದಾರಿ ಕಡಿದಾಗಿದೆ, ಮಳೆ ಬಂದಿದ್ದರೆ ಜಾರುತ್ತದೆ.

ಕೋಂಕ್‌ನಲ್ಲಿ ಎರಡು ರಾತ್ರಿ ಉಳಿಯಿರಿ. ಸೇಂಟ್ ಫ್ವಾ ಚರ್ಚಿನ ಬಾಗಿಲ ಮೇಲೆ 12ನೇ ಶತಮಾನದ ಕೆತ್ತನೆ ಇದೆ. ಕೊನೆಯ ತೀರ್ಪಿನ ದಿನ, ಸ್ವರ್ಗ, ನರಕ, ಒಟ್ಟು 124 ಆಕೃತಿಗಳು. ಸಂಜೆ ಮಠದ ಸನ್ಯಾಸಿಗಳು ಅದನ್ನು ವಿವರಿಸುತ್ತಾರೆ. ಒಳಗೆ 1994ರಲ್ಲಿ ಕಲಾವಿದ ಪಿಯೇರ್ ಸುಲಾಜ್ ಮಾಡಿದ ಬಣ್ಣವಿಲ್ಲದ ಗಾಜಿನ ಕಿಟಕಿಗಳಿವೆ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ, ಬೆಳಕು ಬೇರೆಯೇ ಇರುತ್ತದೆ.

ಇಲ್ಲಿಂದ ವಾಪಸ್ ಹೋಗುವುದನ್ನು ಮೊದಲೇ ಯೋಚಿಸಿಡಿ. ಕೋಂಕ್‌ಗೆ ರೈಲಿಲ್ಲ, ಬಸ್ಸು ಅಪರೂಪ. ರೊದೇಜ್ ಊರಿಗೆ ಹೋಗುವ ವಾಹನದ ಸೀಟು ಹೊರಡುವ ಮೊದಲೇ ಕಾಯ್ದಿರಿಸಿ. ರೊದೇಜ್‌ನಲ್ಲಿ ರೈಲಿಗೆ ಸಮಯವಿದ್ದರೆ ಸುಲಾಜ್ ಅವರ ವಸ್ತುಸಂಗ್ರಹಾಲಯಕ್ಕೆ ಹೋಗಿ. ಅವರು ಹುಟ್ಟಿದ್ದು ಅದೇ ಊರಿನಲ್ಲಿ. ಕೋಂಕ್‌ನ ಕಿಟಕಿಗಳಿಗಾಗಿ ಅವರು ಮಾಡಿದ ತಯಾರಿಯ ಕೆಲಸವೂ ಅಲ್ಲಿದೆ.