ವಿನ್ನಿಪೆಗ್ ಜೆಟ್ಸ್ ಅಂದ್ರೆ ಯಾವ ಜೆಟ್ಸ್? ಊರು ಬಿಟ್ಟ ತಂಡಗಳ ಕೋಚ್, ಆಟಗಾರರ ಲೆಕ್ಕ ಹಿಡಿಯೋದು ಹೀಗೆ

ಅಮೆರಿಕ, ಕೆನಡಾ ತಂಡಗಳ ಲೀಗ್ ಆದ ಎನ್‌ಎಚ್‌ಎಲ್ ಐಸ್ ಹಾಕಿಯನ್ನು ಹೊಸದಾಗಿ ನೋಡುತ್ತಿರುವವರು ಕೆನಡಾದ ವಿನ್ನಿಪೆಗ್ ಜೆಟ್ಸ್ ದಾಖಲೆ ತೆರೆದರೆ ತಲೆ ಕೆಡುತ್ತದೆ. ಟೀಮು ಸೆಲಾನೆ 1992-93ರಲ್ಲಿ, ಮೊದಲ ಸೀಸನ್‌ನಲ್ಲೇ, ಜೆಟ್ಸ್ ಪರ 76 ಗೋಲು ಹೊಡೆದರು. ಈಗಿನ ಜೆಟ್ಸ್ ತಂಡದ ಪಟ್ಟಿಯಲ್ಲಿ ಅದು ಇಲ್ಲ. ಬದಲಿಗೆ ಇಲ್ಯಾ ಕೊವಲ್‌ಚುಕ್ ಅವರ 328 ಗೋಲುಗಳಿವೆ, ಅವರು ವಿನ್ನಿಪೆಗ್ ಪರ ಒಂದು ಪಂದ್ಯವನ್ನೂ ಆಡಿಲ್ಲ!

ಹಾಗಾಗಿ ಮೊದಲು ಇಸವಿ ನೋಡಿ, ಹೆಸರು ಆಮೇಲೆ. ಹಳೇ ಜೆಟ್ಸ್ 1996ರಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ಗೆ ಹೋಗಿ ಕಯೋಟೀಸ್ ಆಯ್ತು. ಈಗಿನ ಜೆಟ್ಸ್ 2011ರಲ್ಲಿ ಅಟ್ಲಾಂಟಾದಿಂದ ಬಂದದ್ದು, ಅಲ್ಲಿ ಅದರ ಹೆಸರು ಥ್ರಾಶರ್ಸ್. ಕೊವಲ್‌ಚುಕ್ ಗೋಲು ಹೊಡೆದದ್ದು ಅಟ್ಲಾಂಟಾಗೆ. ಹೆಸರು ಒಂದೇ, ಫ್ರಾಂಚೈಸಿ ಬೇರೆ.

ಆಮೇಲೆ ತಂಡದ ಹಳೇ ಊರು, ಹೊಸ ಊರು ಎರಡೂ ಕಡೆ ಆಡಿದ ಒಬ್ಬ ಆಟಗಾರನನ್ನು ಹಿಡಿಯಿರಿ. ನನಗೆ ಇದೇ ಎಲ್ಲಕ್ಕಿಂತ ಇಷ್ಟದ ದಾರಿ. ಶೇನ್ ಡೋನ್ ಅವರ ಅಂಕಿಅಂಶ ತೆಗೆದರೆ ಮೇಲಿನ ಸಾಲು 1995-96, ವಿನ್ನಿಪೆಗ್. ಕೆಳಗೆ ವರ್ಷಗಟ್ಟಲೆ ಫೀನಿಕ್ಸ್. 2014ರಿಂದ ಅರಿಜೋನಾ, ಯಾಕಂದ್ರೆ ತಂಡ ಹೆಸರು ಬದಲಿಸಿತು. ಕೊನೆಯ ಸಾಲು 2016-17. ಮೂರು ಹೆಸರು ಕಂಡರೂ ಮನುಷ್ಯ ಒಂದೇ ಫ್ರಾಂಚೈಸಿ ಬಿಟ್ಟು ಕದಲಿಲ್ಲ. ಅಟ್ಲಾಂಟಾ ಕಡೆಗೆ ಆಂಡ್ರ್ಯೂ ಲ್ಯಾಡ್ ಅವರನ್ನು ನೋಡಿ, ಅಲ್ಲೂ ಕ್ಯಾಪ್ಟನ್, ವಿನ್ನಿಪೆಗ್‌ನಲ್ಲೂ ಕ್ಯಾಪ್ಟನ್. ಬ್ಲೇಕ್ ವೀಲರ್, ಬ್ರಯಾನ್ ಲಿಟಲ್ ಕೂಡ ಜೊತೆಗೇ ಬಂದವರು.

ಕೋಚ್‌ಗಳ ಪಟ್ಟಿ ಬೇರೆಯಾಗಿಯೇ ಇಟ್ಟುಕೊಳ್ಳಿ. ಆಟಗಾರರ ಕಾಂಟ್ರಾಕ್ಟ್ ತಂಡದ ಜೊತೆಗೇ ಸಾಗುತ್ತದೆ, ಕೋಚ್ ವಿಷಯ ಹೊಸ ಆಡಳಿತದ ಕೈಲಿರುತ್ತದೆ. ಅಟ್ಲಾಂಟಾದ ಕೊನೆಯ ಕೋಚ್ ಕ್ರೇಗ್ ರಾಮ್ಸೆ ವಿನ್ನಿಪೆಗ್‌ಗೆ ಬರಲಿಲ್ಲ, ಕ್ಲೋಡ್ ನೋಯೆಲ್ ಬಂದರು. ಫೀನಿಕ್ಸ್‌ಗೂ ಹಳೇ ಜೆಟ್ಸ್ ಕೋಚ್ ಟೆರಿ ಸಿಂಪ್ಸನ್ ಹೋಗಲಿಲ್ಲ, ಡಾನ್ ಹೇ ಶುರು ಮಾಡಿದರು. ಆದರೆ ಯಾವಾಗಲೂ ಹೀಗೇ ಅಂದುಕೊಳ್ಳಬೇಡಿ. ಕ್ವಿಬೆಕ್ ನಾರ್ಡಿಕ್ಸ್ 1995ರಲ್ಲಿ ಡೆನ್ವರ್‌ಗೆ ಹೋಗಿ ಕೊಲರಾಡೋ ಅವಲಾಂಚ್ ಆದಾಗ ಕೋಚ್ ಮಾರ್ಕ್ ಕ್ರಾಫರ್ಡ್, ಕ್ಯಾಪ್ಟನ್ ಜೋ ಸಾಕಿಕ್ ಇಬ್ಬರೂ ಹೋದರು, ಮೊದಲ ಸೀಸನ್‌ನಲ್ಲೇ ಲೀಗ್ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದರು. ಕ್ವಿಬೆಕ್ ಅಭಿಮಾನಿಗಳ ಹೊಟ್ಟೆ ಎಷ್ಟು ಉರಿದಿರಬೇಡ. ಕೋಚ್ ಪಾಲ್ ಮಾರಿಸ್ ಕೂಡ ಹಾರ್ಟ್‌ಫರ್ಡ್ ವೇಲರ್ಸ್ ಜೊತೆ 1997ರಲ್ಲಿ ಕ್ಯಾರೊಲೈನಾಗೆ ಹೋದವರು. ಮುಂದೆ 2014ರಲ್ಲಿ ನೋಯೆಲ್ ಜಾಗಕ್ಕೆ ವಿನ್ನಿಪೆಗ್‌ಗೆ ಬಂದದ್ದೂ ಇವರೇ.

ಕೊನೆಗೆ, ಇತಿಹಾಸವೂ ತಂಡದ ಜೊತೆ ಹೋಯ್ತಾ ಅಂತ ಕೇಳಿಕೊಳ್ಳಿ. ಇದನ್ನು ಜಾಸ್ತಿ ಜನ ಮರೆಯುತ್ತಾರೆ. 2024ರಲ್ಲಿ ಅರಿಜೋನಾ ಕಯೋಟೀಸ್ ಆಟಗಾರರೆಲ್ಲ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಗೆ ಹೋದರು, ಕೋಚ್ ಆಂಡ್ರೆ ಟುರಿನ್ಯಿ ಕೂಡ. ಆದರೆ ಲೀಗ್ ಲೆಕ್ಕದಲ್ಲಿ ಯೂಟಾ ಹೊಸ ತಂಡ. ಕ್ಲೇಟನ್ ಕೆಲ್ಲರ್ ಅರಿಜೋನಾದಲ್ಲಿ ಹೊಡೆದ ಗೋಲುಗಳು ಅವರ ಸ್ವಂತ ಖಾತೆಯಲ್ಲಿವೆ, ಯೂಟಾ ಖಾತೆಯಲ್ಲಿ ಇಲ್ಲ. ಯೂಟಾದ ಮೊದಲ ಗೋಲು 2024ರ ಅಕ್ಟೋಬರ್ 8ರಂದು ಶಿಕಾಗೋ ವಿರುದ್ಧ ಡಿಲನ್ ಗುಂಥರ್ ಹೊಡೆದದ್ದು, ಎಣಿಕೆ ಅಲ್ಲಿಂದಲೇ ಶುರು. ತಂಡಕ್ಕೆ ಮ್ಯಾಮತ್ ಅನ್ನೋ ಹೆಸರು ಬಂದದ್ದು 2025ರಲ್ಲಿ. 2024-25ರ ಸಾಲಿನಲ್ಲಿ ಯೂಟಾ ಹಾಕಿ ಕ್ಲಬ್ ಅಂತ ಕಂಡರೆ ಅದೂ ಇದೇ ತಂಡ, ಬೇರೆ ಅಲ್ಲ.