ಪಿಂಗ್ ಹೋಗುತ್ತೆ, ಫೈಲ್ ಹೋಗಲ್ಲ: ಬ್ರಿಡ್ಜ್ ರೇಡಿಯೊದ ಪ್ಯಾಕೆಟ್ ಮಿತಿ ಅಳೆಯುವುದು ಹೇಗೆ?

ಕೇಬಲ್ ಎಳೆಯಲು ಆಗದ ಕಡೆ ಎರಡು ಕಟ್ಟಡಗಳ ಮೇಲೆ ಒಂದೊಂದು ಬ್ರಿಡ್ಜ್ ರೇಡಿಯೊ ಕೂರಿಸುತ್ತೇವೆ. ಸಿಗ್ನಲ್ ಚೆನ್ನಾಗಿದೆ. ಪಿಂಗ್, ಅಂದರೆ ಆ ತುದಿ ಉತ್ತರಿಸುತ್ತದೆಯೇ ಎಂದು ನೋಡುವ ಸಣ್ಣ ಪ್ಯಾಕೆಟ್, ಹೋಗುತ್ತಿದೆ. ಆದರೆ ಫೈಲ್ ಕಾಪಿ ಮಾಡಲು ಹೋದರೆ ಶುರುವಿನಲ್ಲೇ ನಿಂತುಬಿಡುತ್ತದೆ. ವಿಪಿಎನ್ ಲಾಗಿನ್ ಆಗುತ್ತದೆ, ಆಮೇಲೆ ಏನೂ ಬರುವುದಿಲ್ಲ. ಇಂಥ ಹೊತ್ತಲ್ಲಿ ಆಂಟೆನಾ ತಿರುಗಿಸಲು ಕಂಬ ಹತ್ತುವವರೇ ಜಾಸ್ತಿ. ಹತ್ತುವ ಮುಂಚೆ ಪ್ಯಾಕೆಟ್ ಗಾತ್ರವನ್ನು ಒಮ್ಮೆ ನೋಡಿ.

‘ಒಡೆಯಬೇಡ’ ಎಂಬ ಗುರುತಿರುವ, ರೂಟರ್‌ಗೆ ಹಿಡಿಸದಷ್ಟು ದೊಡ್ಡ ಪ್ಯಾಕೆಟ್ ಬಂದರೆ, ‘ಇದು ದೊಡ್ಡದಾಯಿತು, ಇಷ್ಟರೊಳಗೆ ಕಳಿಸು’ ಎಂದು ಅದು ಐಸಿಎಂಪಿ (ಜಾಲದ ತೊಂದರೆ ತಿಳಿಸುವ ಪದ್ಧತಿ) ಸಂದೇಶ ವಾಪಸ್ ಕಳಿಸುತ್ತದೆ. 1990ರ ಇಂಟರ್‌ನೆಟ್ ನಿಯಮಗಳ ದಾಖಲೆ ಆರ್‌ಎಫ್‌ಸಿ 1191ರಲ್ಲಿ ಈ ಏರ್ಪಾಡು ವಿವರವಾಗಿದೆ. ಬ್ರಿಡ್ಜ್‌ಗೆ ಈ ಬಾಯಿ ಇಲ್ಲ. ಅದು ಫ್ರೇಮ್ (ಐಪಿ ಪ್ಯಾಕೆಟ್ ಹೊತ್ತ ಈಥರ್‌ನೆಟ್ ಲಕೋಟೆ) ಮಟ್ಟದಲ್ಲಿ ಕೆಲಸ ಮಾಡುವ ಪೆಟ್ಟಿಗೆ. ಹಿಡಿಸದ ಫ್ರೇಮನ್ನು ಸುಮ್ನೆ ಬಿಸಾಕುತ್ತದೆ, ಯಾರಿಗೂ ಹೇಳುವುದಿಲ್ಲ. ಹಾಗಾಗಿ ಮಿತಿ ಎಷ್ಟು ಅಂತ ನಾವೇ ಅಳೆಯಬೇಕು.

ಮೊದಲು ನಿಮ್ಮ ಲೆಕ್ಕ

ಈಥರ್‌ನೆಟ್‌ನಲ್ಲಿ ಐಪಿ ಪ್ಯಾಕೆಟ್‌ನ ಮಾಮೂಲಿ ಮಿತಿ 1500 ಬೈಟ್. ಇದೇ ಎಂಟಿಯು. ಅದರ ಮುಂದೆ 14 ಬೈಟ್ ಹೆಡರ್, ಹಿಂದೆ ತಪ್ಪು ಪತ್ತೆಗೆ 4 ಬೈಟ್. ಒಟ್ಟು 1518. ಒಂದೇ ತಂತಿಯ ಮೇಲೆ ಹಲವು ಜಾಲಗಳನ್ನು ಬೇರ್ಪಡಿಸುವ ವಿಲ್ಯಾನ್ ಟ್ಯಾಗ್ ಹಾಕಿದರೆ 1522. ಟ್ಯಾಗ್ ಮೇಲೆ ಟ್ಯಾಗ್ ಹಾಕಿದರೆ 1526. ಲೇಬಲ್ ನೋಡಿ ಪ್ಯಾಕೆಟ್ ಸಾಗಿಸುವ ಎಂಪಿಎಲ್ಎಸ್ ಇದ್ದರೆ ಪ್ರತಿ ಲೇಬಲ್‌ಗೆ ಇನ್ನೂ 4. ಇಡೀ ಫ್ರೇಮನ್ನೇ ಐಪಿ ಪ್ಯಾಕೆಟ್ ಒಳಗೆ ತುಂಬುವ ವಿಎಕ್ಸ್‌ಲ್ಯಾನ್ ಆದರೆ ಒಮ್ಮೆಗೇ 50 ಬೈಟ್ ಏರುತ್ತದೆ.

ನಿಮ್ಮ ಜಾಲದಲ್ಲಿ ಇವುಗಳಲ್ಲಿ ಯಾವುದಿದೆ ಅಂತ ಒಂದು ಹಾಳೆಯಲ್ಲಿ ಬರೆದು ಕೂಡಿಸಿ. ರೇಡಿಯೊ ಹೊರಬೇಕಾದ ಅತಿ ದೊಡ್ಡ ಫ್ರೇಮ್ ಎಷ್ಟು ಅಂತ ಗೊತ್ತಾಗುತ್ತದೆ.

ಡೇಟಾಶೀಟ್‌ನ ಅಂಕಿ ಯಾವುದರದ್ದು?

ಎಡವಟ್ಟು ಆಗುವುದು ಹೆಚ್ಚಾಗಿ ಇಲ್ಲೇ. ಡೇಟಾಶೀಟ್‌ನಲ್ಲಿ ‘ಗರಿಷ್ಠ 1522’ ಎಂದೋ ‘1600’ ಎಂದೋ ಒಂದೇ ಒಂದು ಸಾಲು ಇರುತ್ತದೆ. ಹೆಡರ್ ಸೇರಿಸಿಯೋ ಬಿಟ್ಟೋ? ಕೊನೆಯ 4 ಬೈಟ್ ಸೇರಿದೆಯೋ ಇಲ್ಲವೋ? ಟ್ಯಾಗ್ ಲೆಕ್ಕದ ಒಳಗೋ ಹೊರಗೋ? ಬರೆದಿರುವುದಿಲ್ಲ. ಹೆಸರಾಂತ ಕಂಪನಿಗಳ ನಡುವೆಯೇ ಒಮ್ಮತವಿಲ್ಲ. ಸಿಸ್ಕೊದ ಹಳೆಯ ಐಒಎಸ್ 1500 ಎಂದು ತೋರಿಸುವುದನ್ನೇ ಜುನಿಪರ್ 1514 ಎಂದು ತೋರಿಸುತ್ತದೆ, ಏಕೆಂದರೆ ಅದು 14 ಬೈಟ್ ಹೆಡರನ್ನೂ ಎಣಿಸುತ್ತದೆ. ಮೈಕ್ರೋಟಿಕ್‌ನಲ್ಲಿ ಎಂಟಿಯು ಬೇರೆ, ಎಲ್2 ಎಂಟಿಯು ಬೇರೆ. ಎರಡನೆಯದರಲ್ಲಿ ವಿಲ್ಯಾನ್ ಟ್ಯಾಗ್ ಸೇರುತ್ತದೆ, 14 ಬೈಟ್ ಹೆಡರ್ ಸೇರುವುದಿಲ್ಲ.

‘ಜಂಬೋ ಫ್ರೇಮ್ ಬೆಂಬಲವಿದೆ’ ಎಂಬ ಸಾಲಿಗೂ ಬೆಲೆ ಕೊಡಬೇಡಿ, ಪಕ್ಕದಲ್ಲಿ ಅಂಕಿ ಇಲ್ಲದಿದ್ದರೆ. ಜಂಬೋ ಎಂದರೆ ವಾಡಿಕೆಯಲ್ಲಿ 9000 ಬೈಟ್ ಆಸುಪಾಸು. ಮಾಮೂಲಿ ವೈ-ಫೈ ಮಾನದಂಡದಲ್ಲಿ ಒಂದು ಫ್ರೇಮ್ ಹೊರುವ ಮಾಹಿತಿಯೇ 2304 ಬೈಟ್. ಕೊಳ್ಳುವ ಮೊದಲು ಕಂಪನಿಗೆ ಒಂದೇ ಪ್ರಶ್ನೆ ಕಳಿಸಿ: ಎರಡು ಟ್ಯಾಗ್ ಹಾಕಿದ 1500 ಬೈಟ್‌ನ ಐಪಿ ಪ್ಯಾಕೆಟ್ ಒಡೆಯದೆ ದಾಟುತ್ತದೆಯೇ? ಹೌದು ಅಥವಾ ಇಲ್ಲ ಎನ್ನಲೇಬೇಕಾದ ಪ್ರಶ್ನೆ ಇದು.

ಅಳೆಯುವುದು

ಎರಡು ತುದಿಯಲ್ಲೂ ಒಂದೊಂದು ಲ್ಯಾಪ್‌ಟಾಪನ್ನು ರೇಡಿಯೊಗೆ ನೇರ ಜೋಡಿಸಿ. ರೇಡಿಯೊದ ಒಳಗಿನ ಪಿಂಗ್ ಬಟನ್ ನಂಬಬೇಡಿ. ಅದರ ಸ್ವಂತ ಐಪಿ ವಿಳಾಸದ ಮಿತಿ ಬೇರೆ, ಅದು ಹಾಯಿಸುವ ಫ್ರೇಮ್‌ಗಳ ಮಿತಿ ಬೇರೆ ಇರಬಹುದು.

ವಿಂಡೋಸ್‌ನಲ್ಲಿ ಪಿಂಗ್ ಜೊತೆ ಮೈನಸ್ ‘ಎಫ್’ ಹಾಕಿದರೆ ಪ್ಯಾಕೆಟ್ ಒಡೆಯುವಂತಿಲ್ಲ. ಮೈನಸ್ ‘ಎಲ್’ ಮುಂದೆ ಗಾತ್ರ ಕೊಡಿ. ಲಿನಕ್ಸ್‌ನಲ್ಲಿ ಒಡೆಯದಿರಲು ಮೈನಸ್ ದೊಡ್ಡ ‘ಎಂ’, ಅದರ ಮುಂದೆ ‘ಡು’. ಗಾತ್ರಕ್ಕೆ ಮೈನಸ್ ಸಣ್ಣ ‘ಎಸ್’. ಗಾತ್ರ 1472 ಕೊಡಿ. 20 ಬೈಟ್ ಐಪಿ ಹೆಡರ್, 8 ಬೈಟ್ ಐಸಿಎಂಪಿ ಹೆಡರ್ ಸೇರಿ ಅದು 1500 ಆಗುತ್ತದೆ. ಉತ್ತರ ಬರದಿದ್ದರೆ 1400. ಬಂದರೆ ಎರಡರ ನಡುವಿನ ಅಂಕಿ. ಹೀಗೇ ಅರ್ಧರ್ಧ ಮಾಡುತ್ತಾ ಹೋದರೆ ಗಡಿ ಬೇಗ ಸಿಗುತ್ತದೆ. ಆಮೇಲೆ ವಿಲ್ಯಾನ್ ಟ್ಯಾಗ್ ಹಾಕಿ ಇದೇ ಪರೀಕ್ಷೆ ಮಾಡಿ. 1500ಕ್ಕಿಂತ ಮೇಲೆ ಪರೀಕ್ಷಿಸುವುದಾದರೆ ಮೊದಲು ಎರಡೂ ಲ್ಯಾಪ್‌ಟಾಪ್‌ಗಳ ಎಂಟಿಯು ಏರಿಸಿರಬೇಕು.

ಉತ್ತರ ಬರದಿರುವ ರೀತಿಯಲ್ಲೂ ಸುಳಿವಿದೆ. ‘ಒಡೆಯಬೇಕಿತ್ತು’ ಎಂಬ ಅರ್ಥದ ಸಂದೇಶ ಬಂದರೆ ಅದನ್ನು ಹೇಳಿದ್ದು ನಿಮ್ಮ ಕಂಪ್ಯೂಟರೇ, ಇಲ್ಲವೇ ದಾರಿಯಲ್ಲಿರುವ ರೂಟರ್. ‘ಟೈಮ್ಡ್ ಔಟ್’ ಬಂದರೆ ಫ್ರೇಮ್ ಎಲ್ಲೋ ಸದ್ದಿಲ್ಲದೆ ಮಾಯವಾಗಿದೆ. ಆಗ ಬ್ರಿಡ್ಜ್ ಮೇಲೆ ಅನುಮಾನ ಪಡಿ.

ಗಡಿಯ ಅಂಕಿಯೂ ಮಾತಾಡುತ್ತದೆ. ಟ್ಯಾಗ್ ಇಲ್ಲದೆ 1472 ದಾಟಿ, ಟ್ಯಾಗ್ ಹಾಕಿದಾಗ 1468ಕ್ಕೆ ನಿಂತರೆ, ಆ ರೇಡಿಯೊ 1518ಕ್ಕಿಂತ ದೊಡ್ಡ ಫ್ರೇಮ್ ಮುಟ್ಟುತ್ತಿಲ್ಲ ಎಂದರ್ಥ. ದೂರದ ಸರ್ವರ್‌ಗೆ ಪಿಂಗ್ ಮಾಡಿದಾಗ 1464ಕ್ಕೆ ನಿಂತರೆ ಹೆಚ್ಚಾಗಿ ಪಿಪಿಪಿಒಇ (ಬ್ರಾಡ್‌ಬ್ಯಾಂಡ್ ಲಾಗಿನ್ ಪದ್ಧತಿ) ತನ್ನ 8 ಬೈಟ್ ತಿಂದಿದೆ, ರೇಡಿಯೊದ ತಪ್ಪಲ್ಲ. 1392 ಬಂದರೆ ವೈರ್‌ಗಾರ್ಡ್ ಎಂಬ ವಿಪಿಎನ್ ಇರಬಹುದು. ಅದರ ಮಾಮೂಲಿ ಎಂಟಿಯು 1420.

ಇನ್ನೊಂದು ವಿಷಯ. ಗಾತ್ರದ ಮಿತಿ ಚಾಕುವಿನಲ್ಲಿ ಕೊಯ್ದ ಹಾಗೆ ಇರುತ್ತದೆ: 1468 ಪ್ರತಿ ಸಲವೂ ದಾಟುತ್ತದೆ, 1469 ಒಮ್ಮೆಯೂ ಇಲ್ಲ. ದೊಡ್ಡವು ಕೆಲವೊಮ್ಮೆ ದಾಟಿ ಕೆಲವೊಮ್ಮೆ ಬೀಳುತ್ತಿದ್ದರೆ ಅದು ರೇಡಿಯೊ ಗದ್ದಲ. ಉದ್ದದ ಫ್ರೇಮ್ ಗಾಳಿಯಲ್ಲಿ ಜಾಸ್ತಿ ಹೊತ್ತು ಇರುತ್ತದೆ, ಕೆಡುವ ಅವಕಾಶವೂ ಜಾಸ್ತಿ, ಅಲ್ವಾ? ಹಾಗಿದ್ದರೆ ಮಾತ್ರ ಕಂಬ ಹತ್ತಿ.

ಸರಿಪಡಿಸುವುದು

ರೇಡಿಯೊದಲ್ಲಿ ಎಂಟಿಯು ಏರಿಸುವ ಜಾಗವಿದ್ದರೆ ಏರಿಸಿ. ದೂರದ ತುದಿ ಮೊದಲು, ಹತ್ತಿರದ್ದು ಆಮೇಲೆ. ಈಥರ್‌ನೆಟ್ ಪೋರ್ಟ್, ವೈರ್‌ಲೆಸ್, ಬ್ರಿಡ್ಜ್ ಮೂರನ್ನೂ ನೋಡಿ. ಲಿನಕ್ಸ್ ಬ್ರಿಡ್ಜ್ ತಾನಾಗಿ ತನ್ನ ಪೋರ್ಟ್‌ಗಳಲ್ಲಿ ಅತಿ ಚಿಕ್ಕ ಎಂಟಿಯುವನ್ನೇ ಹಿಡಿಯುತ್ತದೆ. 9000 ಬೇಕೆಂದು ಹಟ ಹಿಡಿಯುವುದು ದಂಡ. 1600 ಹಿಡಿಸಿದರೆ ಹೆಚ್ಚಿನ ಜಾಲಗಳಿಗೆ ಧಾರಾಳ ಸಾಕು.

ಏರಿಸಲು ಆಗದಿದ್ದರೆ ವಿಪಿಎನ್‌ನಂಥ ಸುರಂಗದ ಎಂಟಿಯು ಇಳಿಸಿ. ರೂಟರ್‌ನಲ್ಲಿ ಟಿಸಿಪಿಯ ಎಂಎಸ್ಎಸ್ (ಒಂದು ಪ್ಯಾಕೆಟ್‌ನಲ್ಲಿ ಟಿಸಿಪಿ ತುಂಬುವ ಮಾಹಿತಿಯ ಗಾತ್ರ) ಮಿತಿಯನ್ನೂ ಕಟ್ಟಿಹಾಕಬಹುದು. ಐಪಿವಿ4ಗೆ ಅದು ಎಂಟಿಯುಗಿಂತ 40 ಕಡಿಮೆ, ಐಪಿವಿ6ಗೆ 60 ಕಡಿಮೆ. ಆದರೆ ಇದರಿಂದ ಟಿಸಿಪಿ ಬಳಸದ ಯುಡಿಪಿ ಸಂಚಾರಕ್ಕೆ ಏನೂ ಉಪಯೋಗವಿಲ್ಲ. ಐಪಿವಿ6 ಇದ್ದರೆ ಎಂಟಿಯು 1280ಕ್ಕಿಂತ ಕೆಳಗೆ ಇಳಿಯುವ ಹಾಗೇ ಇಲ್ಲ. ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನು ಪೂರ್ತಿ ತಡೆದಿದ್ದರೆ ಅದನ್ನೂ ತೆಗೆಯಿರಿ. ಇಲ್ಲದಿದ್ದರೆ ರೂಟರ್ ಹೇಳುವ ಮಾತೂ ಕಳಿಸಿದವರಿಗೆ ತಲುಪುವುದಿಲ್ಲ.

ಸಿಕ್ಕ ಅಂಕಿಗಳನ್ನು ಬರೆದಿಡಿ: ರೇಡಿಯೊ ಮಾದರಿ, ಫರ್ಮ್‌ವೇರ್ ಆವೃತ್ತಿ, ಟ್ಯಾಗ್ ಇಲ್ಲದೆ ಎಷ್ಟು, ಇದ್ದಾಗ ಎಷ್ಟು, ಅಳೆದ ದಿನ. ಅಂಕಿ ಪಿಂಗ್ ಗಾತ್ರದ್ದೋ ಪೂರ್ತಿ ಫ್ರೇಮಿನದ್ದೋ ಅಂತ ಪಕ್ಕದಲ್ಲೇ ನಮೂದಿಸಿ. ಫರ್ಮ್‌ವೇರ್ ಬದಲಿಸಿದ ದಿನ ಮತ್ತೆ ಅಳೆದು ಹೊಸ ಸಾಲು ಸೇರಿಸಿ, ಹಳೆಯದನ್ನು ಅಳಿಸಬೇಡಿ.